ಸೀಡರ್ ಪಾರ್ಕಿನಲ್ಲಿ ಗೌಡರ ನ್ಯಾಯ

ಆಸ್ಟಿನ್, ಟೆಕ್ಸಸ್
12 ಅಕ್ಟೋಬರ್ 2025, ಭಾನುವಾರ

ಅಣ್ಣಾ, ಜೈಭೀಮ್.

ಮೊಣಕಾಲು ಹೆಂಗದಾವ? ಥಂಡಿ ಶುರುವಾಗೋ ಹೊತ್ತು, ಒಳಗಿನ ರಾಡು ಮತ್ತೆ ಜಗ್ಗತಿರಬೇಕು. ಅವ್ವಗೆ ಹೇಳಿ ಉಪ್ಪಿನ ಶಾಖ ಕೊಡಿಸ್ಕೋ. ಗಂಡಸು ಅಂತ ಹಲ್ಲು ಕಚ್ಚಿಕೊಂಡು ಕೂಡಬೇಡ. ಅವ್ವ ಬಿಪಿ ಗುಳಿಗೆ ತಪ್ಪಿಸದ ಹಾಗೆ ನೋಡ್ಕೋ. ಅಕ್ಷರ ಸೊಟ್ಟ ಇದಾವೆ ಅಂತ ಬಯ್ಯಬೇಡ, ಎಡಗೈಲಿ ಬರೀತಿದ್ದೀನಿ. ಯಾಕೆ ಅಂತ ಹೇಳ್ತೀನಿ. ಫೋನಲ್ಲಿ ಹೇಳಿದರೆ ನೀನು ಊಟ ಆತಾ ಅಂತ ಮಾತು ತಿರುಗಿಸ್ತೀಯ. ಅದಕ್ಕೇ ಕಾಗದ. ಫೋಟೋ ತೆಗೆದು ಕಳಿಸ್ತೀನಿ, ಪೂರ್ತಿ ಓದು.

ನನಗೆ ಇಲ್ಲಿನ ಕಾಲೇಜಿನವರು ಕೊಡ್ತೀವಿ ಅಂದದ್ದು: ಸಮಾಜ ವಿಜ್ಞಾನ ಕಲಿಸೋ ಡಿಗ್ರಿ, ಅಭ್ಯಾಸಕ್ಕೆ ಸೀಡರ್ ಪಾರ್ಕಿನ ಒಂದು ಹೈಸ್ಕೂಲಲ್ಲಿ ವರ್ಷಪೂರ್ತಿ ಒಂದು ತರಗತಿ, ನನ್ನ ಪಾಠ ನಾನೇ ಕಟ್ಟೋ ಸ್ವಾತಂತ್ರ್ಯ. ಕಸಿದದ್ದು: ತರಗತಿ, ಪಾಠ. ಡಿಗ್ರಿ ತೂಗಾಡ್ತಿದೆ, ಅದರ ಬಾಲ ಹಿಡಿದು ವೀಸಾ. ನಿನಗೆ ಸರಕಾರ ಕೊಡ್ತೀನಿ ಅಂದದ್ದು: ರಕ್ಷಣೆ, ನೌಕರಿ, ನ್ಯಾಯ. ಕೊಟ್ಟದ್ದು: ಎರಡು ಊರುಗೋಲು. ಅಪ್ಪನಿಗೆ ಯಾರೂ ಏನೂ ಕೊಡ್ತೀವಿ ಅಂದಿರಲಿಲ್ಲ. ಕೊಟ್ಟದ್ದು ತಲೆಗೆ ಒಂದು ಏಟು.

ನಾನು ಕಟ್ಟಿದ ಪಾಠ ಇಷ್ಟೇ: ಇತಿಹಾಸ ಪುಸ್ತಕದಲ್ಲಷ್ಟೇ ಇಲ್ಲ, ಮನೆ ಹಿರಿಯರ ಬಾಯಲ್ಲೂ ಇದೆ. ಮೊದಲ ವಾರ ಇದೇ ಟೆಕ್ಸಸ್‌ನಲ್ಲಿ ಕರಿಯರನ್ನು ಮರಕ್ಕೆ ಕಟ್ಟಿ ಸುಟ್ಟ ಫೋಟೋ ತೋರಿಸಿದೆ. ಸತ್ತವನನ್ನು ಆಮೇಲೆ ನೋಡಿ, ಸುತ್ತ ನಿಂತು ಹಲ್ಲು ಕಿಸಿಯೋರನ್ನು ಮೊದಲು ನೋಡಿ ಅಂದೆ. ಎರಡನೇ ವಾರ ಮಕ್ಕಳು ತಮ್ಮ ಅಜ್ಜನನ್ನೋ ಅಜ್ಜಿಯನ್ನೋ ತರಗತಿಗೆ ಕರ್ಕೊಂಡು ಬಂದು, ನಿಮ್ಮೂರಲ್ಲಿ ನ್ಯಾಯ ಹೆಂಗೆ ಮಾಡ್ತಿದ್ರಿ ಅಂತ ಎಲ್ಲರೆದುರು ಕೇಳಬೇಕು. ತರಗತಿಯಲ್ಲಿ ವೈಷ್ಣವಿ ಅಂತ ಹದಿನಾರರ ಹುಡುಗಿ ಇದ್ದಳು. ಕನ್ನಡ ಎಲ್ಲಾ ತಿಳಿಯುತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲೇ. ಅವರಪ್ಪ ಆನಂದ್ ಚಿಪ್ ಕಂಪನಿ ಎಂಜಿನಿಯರು. ಕಾರಿಲ್ಲದಿದ್ದರೆ ಇಲ್ಲಿ ನಾನೂ ನಿನ್ನಷ್ಟೇ ಕುಂಟಿ, ಅಣ್ಣಾ. ಶಾಲೆ ಮುಗಿದ ಮೇಲೆ ಆ ಆನಂದನೇ ಟ್ರೈನ್ ಸ್ಟೇಷನ್ ತನಕ ಡ್ರಾಪ್ ಮಾಡ್ತಿದ್ದ. ಸೀಟಿನ ಮೇಲೆ ಜೋಳದ ರೊಟ್ಟಿ, ಶೇಂಗಾ ಹಿಂಡಿ. "ನಮ್ಮ ಕಡಿ ಹೆಣ್ಮಗಳು ನೀವು, ತಿನ್ರಿ" ಅಂತಿದ್ದ. ಯಾವ ಕಡೆ ಅಂತ ಕೇಳಿದ, ವಿಜಯಪುರ ಅಂದೆ. ಯಾರ ಪೈಕಿ ಅಂತ ಕೇಳಲಿಲ್ಲ. ಅಮೆರಿಕಕ್ಕೆ ಬಂದು ಟೀಚರ್ ಆಗೋವಳು ತಮ್ಮವಳೇ ಇರಬೇಕು ಅಂತ ತಾನೇ ತೀರ್ಮಾನ ಮಾಡ್ಕೊಂಡಿದ್ದ. ಆ ತೀರ್ಮಾನದ ಮೇಲೇ ಆನಂದನ ಅಪ್ಪನೂ ಬಂದು ನನ್ನ ತರಗತಿಯಲ್ಲಿ ಕೂತ.

ಬಂದವನು ಬಸಲಿಂಗಪ್ಪ ಗೌಡ. ಹೌದು, ನಮ್ಮೂರ ಗೌಡನೇ. ಅಪ್ಪ ಸತ್ತಾಗ ನಾನು ಆರು ವರ್ಷದ ಕೂಸು, ಗೌಡನ ಮುಖ ನೆನಪಿರಲಿಲ್ಲ. ತನ್ನ ಹೆಸರು, ಊರ ಹೆಸರು ಹೇಳಿದ ಮೇಲೇ ಗೊತ್ತಾಗಿದ್ದು. ಬಿಳಿ ಜುಬ್ಬಾ, ಕಾಲಲ್ಲಿ ಮಗ ಕೊಡಿಸಿದ ಶೂ. ಪಕ್ಕದಲ್ಲಿ ಮೊಮ್ಮಗಳು, ಇಂಗ್ಲಿಷಿಗೆ ತಿರುಗಿಸೋಕೆ. ನಮ್ಮೋರ ಹುಡುಗಿ ಮುಂದೆ ಏನು ಮುಚ್ಚುಮರೆ ಅಂತ ನನ್ನ ಮುಖ ನೋಡಿಕೊಂಡೇ ನಗ್ತಾ ಹೇಳಿದ: "ಜನವರಿ ಇಪ್ಪತ್ತಾರು. ಕೇರಿ ಹುಡುಗೊಬ್ಬ ಚಪ್ಪಲಿ ಕಾಲಾಗ ನಮ್ಮ ಕಟ್ಟಿ ಹತ್ತಿ ಸಂವಿಧಾನ ಓದಾಕ ಹತ್ತಿದ್ದ ರಿ. ಬೇವಿನ ಗಿಡಕ್ಕ ಕಟ್ಟಿಸಿದೆ. ಹಾರಿ ತರಿಸಿ ಎರಡೂ ಮೊಣಕಾಲ ಚಿಪ್ಪ ಒಡಿಸಿದೆ, ಇನ್ನೊಮ್ಮೆ ಕಟ್ಟಿ ಹತ್ತಬಾರದಲ್ಲ. ಓದತಿದ್ದ ಕಾಗದ ಅವನ ಬಾಯಾಗ ತುರುಕಿಸಿದೆ. ಅವರಪ್ಪ ನಡುವ ಬಂದ. ನಂದು ಒಂದ ಏಟು, ಅಲ್ಲೇ ಮಲಗಿದ. ಕೇಸೂ ಆತು. ಸಾಕ್ಷಿ ಹೇಳೋ ಗಂಡಸು ಆ ಕೇರ್ಯಾಗ ಹುಟ್ಟಿಲ್ಲ ಬಿಡ್ರಿ."

ವೈಷ್ಣವಿಗೆ ಎಲ್ಲಾ ತಿಳಿದಿತ್ತು. ಆದರೂ, ಊರಲ್ಲಿ ಒಂದು ಜಗಳ ಆಗಿತ್ತಂತೆ, ಅಜ್ಜ ಬಗೆಹರಿಸಿದರಂತೆ ಅಂತ ಇಂಗ್ಲಿಷಲ್ಲಿ ಒಂದೇ ಸಾಲು ಹೇಳಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ, ಅಣ್ಣಾ! ನಿನ್ನ ಮೂಳೆಗೆ, ಅಪ್ಪನ ತಲೆಗೆ. ನಾನು ಎದ್ದೆ. ಒಂದು ಮಾತೂ ಬಿಡದೆ ಇಂಗ್ಲಿಷಲ್ಲಿ ಹೇಳಿದೆ. ಹಾರೆ ಹೇಳಿದೆ, ಚಿಪ್ಪು ಹೇಳಿದೆ, ಬಾಯಿಗೆ ತುರುಕಿದ ಕಾಗದ ಹೇಳಿದೆ. ಆ ಹುಡುಗ ನನ್ನ ಅಣ್ಣ, ಅಲ್ಲೇ ಮಲಗಿದವನು ನನ್ನ ಅಪ್ಪ ಅಂದೆ. ಗೌಡನಿಗೆ ಇಂಗ್ಲಿಷ್ ಬಾರದು. "ಏನಂತಾಳ ಆಕಿ?" ಅಂತ ಮೊಮ್ಮಗಳನ್ನ ಕೇಳಿದ. ಒಂದು ದಿನವೂ ಬಾಯಿಬಿಟ್ಟು ಕನ್ನಡ ಆಡದ ಹುಡುಗಿ ಆಡಿದಳು: "ಅಜ್ಜಾ, ನೀ ಮಿಸ್ ಅವರ ಅಪ್ಪನ್ನ ಕೊಂದೀಯಂತ. ಖರೇನಾ?" ಮುದುಕ ನನ್ನ ಕಡೆ ತಿರುಗಿ, ಮಗ ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಆಗ ಕೇಳಿದ: "ನೀ ಯಾರ ಪೈಕಿ?" ಕೇರಿಯವಳು ಅಂದೆ.

ಸಂಜೆ ಪಾರ್ಕಿಂಗ್ ಲಾಟಲ್ಲಿ ಆನಂದ್ ಕಾಯ್ತಾ ನಿಂತಿದ್ದ. ಜಡೆ ಹಿಡಿದು ಎಳೆದ. "ನಮ್ಮ ರೊಟ್ಟಿ ತಿಂದು ನಮ್ಮಪ್ಪನ ಮಾನ ಕಳದಿ. ಎಲ್ಲಿಗೆ ಬಂದ್ರೂ ನಿಮ್ಮ ಬುದ್ಧಿ ಬಿಡಂಗಿಲ್ಲ" ಅಂದ. ಬೀಳಬಾರದು ಅಂತ ಕಾರಿನ ಬಾಗಿಲ ಚೌಕಟ್ಟು ಹಿಡ್ಕೊಂಡಿದ್ದೆ, ಆ ಬಲಗೈ ಮೇಲೆ ಬಾಗಿಲು ಬಡಿದ. ಮತ್ತೆ ಬಡಿದ. ಒಣ ತೊಗರಿ ಕಟ್ಟಿಗೆ ಮುರಿದ ಹಾಗೆ ಬೆರಳು ಮುರಿದ ಸದ್ದು ನನಗೇ ಕೇಳಿಸ್ತು. ಮೂರನೇ ಸಲಕ್ಕೆ ನಾನು ಬಿಡಲಿಲ್ಲ. ಎಡಗೈಲಿದ್ದ ಸ್ಟೀಲಿನ ನೀರಿನ ಬಾಟಲಿ ಬೀಸಿ ಅವನ ಹಣೆಗೆ ಹೊಡೆದೆ. ಹುಬ್ಬು ಸೀಳಿ ರಕ್ತ ಅವನ ಇಸ್ತ್ರಿ ಅಂಗಿ ಮೇಲೆಲ್ಲಾ ಇಳೀತು. ಅವ್ವಗೆ ಹೇಳು, ನಿನ್ನ ಮಗಳು ಬರೀ ತಿಂದು ಬಂದಿಲ್ಲ, ಕೊಟ್ಟೂ ಬಂದಿದ್ದಾಳೆ ಅಂತ.

ಈಗ ಕಾಲೇಜಿಗೆ ಕಂಪ್ಲೇಂಟು ಹೋಗಿರೋದು ನನ್ನ ಮೇಲೆ: ಅತಿಥಿಯಾಗಿ ಬಂದ ಮುದುಕನ ಮಾತು ತಿರುಚಿದೆ, ಮಗನ ತಲೆ ಒಡೆದೆ. ಅವನೇ ಮೊದಲು ಹೊಡೆದ ಅಂದರೆ, ನೋಡಿದವರು ಯಾರು ಅಂತಾರೆ. ಕಾಲೇಜಿನವರು ಮೆತ್ತಗೆ ಒಂದು ದಾರಿ ತೋರಿಸಿದರು. ದುಃಖದಲ್ಲಿ ತಪ್ಪಾಗಿ ಅನುವಾದ ಮಾಡಿದೆ ಅಂತ ಬರೆದುಕೊಡು, ಬೇರೆ ಶಾಲೆ ಕೊಡ್ತೀವಿ, ಡಿಗ್ರಿ ಉಳಿಯುತ್ತೆ. ಕೋರ್ಟಿಗೆ ಹೋಗೋ ದಿನ ನಿನಗೂ ಇದನ್ನೇ ಅಲ್ಲವಾ ಹೇಳಿದ್ದು? ಯಾರನ್ನೂ ನೋಡಲಿಲ್ಲ ಅನ್ನು, ನಿಮ್ಮವ್ವ ತಂಗಿ ಮಲಗೋ ಗುಡಿಸಲು ಉಳಿಯುತ್ತೆ ಅಂತ. ನೀನು ಹಾಗೇ ಅಂದೆ, ನಾವು ಉಳಿದೆವು. ಅದಕ್ಕೆ ನಿನ್ನ ಮೇಲೆ ನನಗೆ ಹುಲ್ಲುಕಡ್ಡಿಯಷ್ಟೂ ಸಿಟ್ಟಿಲ್ಲ. ಆದರೆ ನಾವು ಆ ಊರು ಬಿಟ್ಟಾಗಿದೆ. ಅವರು ಬೆಂಕಿ ಇಡೋಕೆ ಈಗ ಗುಡಿಸಲೇ ಇಲ್ಲ. ನಾನು ಬರೆದುಕೊಡಲ್ಲ. ಸಹಿ ಹಾಕೋ ಬೆರಳನ್ನ ಆನಂದನೇ ಮುರಿದು ಪುಣ್ಯ ಕಟ್ಟಿಕೊಂಡಿದ್ದಾನೆ.

ಅವ್ವಗೆ ಶರಣು. ನನ್ನ ಕೈ ವಿಷಯ ಅವಳಿಗೆ ಮೆಲ್ಲಗೆ ಹೇಳು, ಬಾಟಲಿ ವಿಷಯ ಜೋರಾಗಿ ಹೇಳು. ಕಟ್ಟೆ ಹತ್ತಿದ ನಿನ್ನ ಆ ಎರಡೂ ಕಾಲಿಗೆ ನನ್ನ ತಲೆ ಮುಟ್ಟಿಸಿದ್ದೀನಿ.

ನಿನ್ನ ತಂಗಿ,
ಯಶೋಧರಾ

ಮ.ಬ.: ಮರೆತು ಬಿಟ್ಟಿದ್ದೆ ಅಂತ ಸುಳ್ಳು ಹೇಳಲ್ಲ, ಇದನ್ನ ಹೇಳೋಕೇ ಅಷ್ಟೂ ಬರೆದದ್ದು. ಆ ಕಂಪ್ಲೇಂಟಿನ ಮೇಲೆ ಕಾಲೇಜು ನಡೆಸೋ ವಿಚಾರಣೆಗೆ ಗೌಡನೂ ಬರ್ತಾನೆ, ಆನಂದನೂ ಬರ್ತಾನೆ. ವೈಷ್ಣವಿಯ ಫೋನನ್ನ ಅವರಪ್ಪ ಗೋಡೆಗೆ ಬಡಿದು ಒಡೆದನಂತೆ. ಗೆಳತಿ ಫೋನಿಂದ ಮೆಸೇಜ್ ಮಾಡಿದಾಳೆ: "ಮಿಸ್, ನಾನೂ ಬರ್ತೀನಿ. ಈ ಸಲ ಎಲ್ಲಾ ಹೇಳ್ತೀನಿ." ಆದರೆ ಅವಳು ಹೇಳಬಲ್ಲದ್ದು ಅಜ್ಜ ಏನಂದ ಅನ್ನೋದಷ್ಟೇ. ಏನು ಮಾಡಿದ ಅನ್ನೋದು ಹೇಳೋಕೆ ನಮ್ಮ ಪೈಕಿ ಉಳಿದಿರೋನು ನೀನೊಬ್ಬನೇ. ಇದು ಕೋರ್ಟಲ್ಲ, ಅವನಿಗೆ ಇಲ್ಲಿ ಜೈಲಾಗಲ್ಲ, ನನಗೆ ಗೊತ್ತು. ಆದರೂ ಸಾಕ್ಷಿ ಹೇಳೋ ಗಂಡಸು ಹುಟ್ಟಿಲ್ಲ ಅಂದ ಬಾಯಿ ಎದುರಿಗೇ ಇರುತ್ತೆ. ವಿಡಿಯೋ ಲಿಂಕ್ ಕಳಿಸಿದ್ದೀನಿ. ದೀಪದ ಕೆಳಗೆ ಕುರ್ಚಿ ಹಾಕಿಕೋ, ಪ್ಯಾಂಟು ಮೊಣಕಾಲ ಮೇಲಕ್ಕೆ ಮಡಚಿ ಕೂಡು. ಬಾಬಾಸಾಹೇಬರು ದೀಕ್ಷೆ ತಗೊಂಡ ದಿನ, ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಇಲ್ಲಿ ಬೆಳಿಗ್ಗೆ ಹತ್ತು, ನಿನಗೆ ರಾತ್ರಿ ಎಂಟೂವರೆ.