ನಾಲ್ಕೂ ತಾಕಿಗೆ ಹಸಿರು ಬಳಿಸಿದ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರೇ,

ನಿಮ್ಮ ಕೃಷಿ ಸಂಶೋಧನಾ ಕೇಂದ್ರದ ಕಳೆದ ವರ್ಷದ ವರದಿಯ ಮೂವತ್ತೊಂದನೇ ಪುಟದಲ್ಲಿ ನನ್ನ ಅಕ್ಕನ ಮೇಲೆ ಗೂಬೆ ಕೂರಿಸಿದ್ದೀರಿ. "ರೈತ ಮಹಿಳೆಯು ತಾಕುಗಳ ಗೊಬ್ಬರವನ್ನು ಅದಲುಬದಲು ಮಾಡಿರುವ ಸಾಧ್ಯತೆಯಿದೆ. ಯೂರಿಯಾದೊಂದಿಗೆ ಜಿಂಕ್ ನೀಡುವುದರಿಂದ ಗಮನಾರ್ಹ ಪ್ರಯೋಜನ ಕಂಡುಬಂದಿಲ್ಲ." ಎರಡು ವಾಕ್ಯ, ಎರಡೂ ಸುಳ್ಳು. ಸುಳ್ಳೆಂದು ನಿಮಗೂ ಗೊತ್ತು, ನನಗೂ ಗೊತ್ತು. ಇನ್ನು ಊರಿಗೆಲ್ಲ ಗೊತ್ತಾಗಲಿ.

ಪ್ರಯೋಗ ಸರಳವಾಗಿತ್ತು. ಅಕ್ಕನ ಹೊಲದ ಮಣ್ಣಿನಲ್ಲಿ ಜಿಂಕ್ ಕಡಿಮೆ ಎಂದು ಕಂಡುಹಿಡಿದವರು ನೀವೇ. ಅಲ್ಲಿ ಮುಸುಕಿನ ಜೋಳಕ್ಕೆ ಒಂದೇ ಅಳತೆಯ ನಾಲ್ಕು ಪಟ್ಟಿ, ಅಂದರೆ ನಾಲ್ಕು ತಾಕು, ಗುರುತು ಮಾಡಿದೆವು. ಮೊದಲನೆಯದಕ್ಕೆ ಏನೂ ಇಲ್ಲ, ಎರಡನೆಯದಕ್ಕೆ ಯೂರಿಯಾ ಮಾತ್ರ, ಮೂರನೆಯದಕ್ಕೆ ಜಿಂಕ್ ಮಾತ್ರ, ನಾಲ್ಕನೆಯದಕ್ಕೆ ಎರಡೂ. ಗೊಬ್ಬರ ತೂಗಿ ಕೊಟ್ಟವನು ನಿಮ್ಮ ಕೇಂದ್ರದ ಕ್ಷೇತ್ರ ಸಹಾಯಕನಾಗಿದ್ದ ನಾನು. ಅಕ್ಕ ನಾಲ್ಕು ಡಬ್ಬಗಳಿಗೆ ನಾಲ್ಕು ಬಣ್ಣದ ಬಟ್ಟೆ ಕಟ್ಟಿ ಇಟ್ಟಿದ್ದಳು, ಒಂದರ ಮುಚ್ಚಳ ಇನ್ನೊಂದಕ್ಕೆ ಹಾಕಲೂ ಬಿಡುತ್ತಿರಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಯಾರು ಬೇಕಾದರೂ ನೋಡಿ ಹೇಳಬಹುದಾದಷ್ಟು ವ್ಯತ್ಯಾಸವಾಗಿತ್ತು. ಮೊದಲನೆಯದು ಸೊರಗಿ ನಿಂತಿತ್ತು. ಯೂರಿಯಾ ಮಾತ್ರ ಉಂಡ ಎರಡನೆಯದು ಭರಭರ ಬೆಳೆಯಲು ಹೋಗಿ, ಇದ್ದ ಚೂರು ಜಿಂಕ್ ಸಾಲದೆ, ಎಳೆ ಎಲೆಗಳ ಮೇಲೆ ಬಿಳಿ ಗೆರೆ ಎಳೆದುಕೊಂಡಿತ್ತು. ಮೂರನೆಯದಕ್ಕೆ ಗೆರೆಯಿಲ್ಲ, ಕಸುವೂ ಇಲ್ಲ. ನಾಲ್ಕನೆಯದು ತೊಡೆಯುದ್ದ, ಕಡುಹಸಿರು.

ಆಗ ನಿಮಗೆ ಸುದ್ದಿ ಬಂತು: ಮೇಲಿನವರು ಹೊಲ ನೋಡಲು ಬರುತ್ತಾರೆ, ಇನ್ನು ಹತ್ತೇ ದಿನ. ನೀವು ಬದುವಿನ ಮೇಲೆ ನಿಂತು ಮೊದಲೆರಡು ತಾಕು ನೋಡಿ ಮುಖ ಸಿಂಡರಿಸಿದಿರಿ. ಪ್ರಯೋಗದಲ್ಲಿ ಒಂದು ತಾಕು ಬಡವಾಗಿ ಕಾಣುವುದೇ ಅದರ ಕೆಲಸ ಎಂಬುದು ನಮ್ಮ ಕೇಂದ್ರದ ಕಾವಲುಗಾರನಿಗೂ ತಿಳಿದಿತ್ತು. ನಿಮಗೆ ಮಾತ್ರ ಅದು ಇಲಾಖೆಯ ಮರ್ಯಾದೆಯ ಪ್ರಶ್ನೆಯಾಯಿತು. ನಾಲ್ಕಕ್ಕೂ ಯೂರಿಯಾ, ಜಿಂಕ್ ಸೇರಿಸಿ ಎಲೆಗೆ ಸಿಂಪಡಿಸಲು ಹೇಳಿದಿರಿ.

ಅಕ್ಕ ಅಡ್ಡ ಬಂದಳು. "ಅದು ಹಾಗೇ ಇರ್ಲಿ ಅಂತ ತಾನೇ ಬಿಟ್ಟಿದ್ದು ಸಾರ್? ಎಲ್ಲದಕ್ಕೂ ಹೊಡೆದ್ರೆ ಇನ್ನು ನೋಡೋದೇನಿದೆ?"

"ನೀವು ಸುಮ್ನಿರಿ ಅಮ್ಮ, ಬರೋರು ದೊಡ್ಡೋರು," ಎಂದಿರಿ.

ಪಂಪನ್ನು ಬೆನ್ನಿಗೆ ಏರಿಸಿಕೊಂಡವನು ನಾನೇ. ನಿವೃತ್ತಿಗೆ ಏಳು ತಿಂಗಳಿತ್ತು, ಬಾಯಿ ಮುಚ್ಚಿಕೊಂಡು ಸಿಂಪಡಿಸಿದೆ. ಅಕ್ಕ ಬದುವಿನ ಮೇಲೇ ನಿಂತು ನೋಡುತ್ತಿದ್ದಳು. ಹತ್ತು ದಿನಕ್ಕೆ ಹೊಲವೆಲ್ಲ ಹಸಿರಾಯಿತು. ದೊಡ್ಡವರು ಬಂದರು, ಫೋಟೊ ತೆಗೆಸಿಕೊಂಡರು, ಹೋದರು. ಕಟಾವಿನಲ್ಲಿ ನಾಲ್ಕು ತಾಕುಗಳ ಇಳುವರಿ ಹೆಚ್ಚುಕಡಿಮೆ ಒಂದೇ ಬಂತು. ಬಾರದೆ ಇನ್ನೇನಾಗಬೇಕಿತ್ತು?

ಈಗ ಒಂದು ಪ್ರಶ್ನೆ. ಯೂರಿಯಾದ ಜೊತೆ ಜಿಂಕ್ ಕೊಟ್ಟು ಪ್ರಯೋಜನವಿಲ್ಲ ಎಂದು ಬರೆದವರು ನೀವು. ಹತ್ತೇ ದಿನದಲ್ಲಿ ಬೆಳೆ ಹಸಿರಾಗಬೇಕಾದಾಗ ಉಗ್ರಾಣದಿಂದ ತರಿಸಿದ್ದೂ ಆ ಎರಡನ್ನೇ. ದೊಡ್ಡವರ ಕಣ್ಣಿಗೆ ಕೆಲಸ ಮಾಡುವ ಮದ್ದು ರೈತರ ಹೊಲದಲ್ಲಿ ಕೆಲಸ ಮಾಡುವುದಿಲ್ಲವೇ?

ನಿಮ್ಮ ವರದಿ ನೋಡಿ ಇಲಾಖೆಯವರು ಈ ಬಿತ್ತನೆಗೆ ರೈತರಿಗೆ ಜಿಂಕ್ ಹಂಚುವುದನ್ನೇ ಕೈಬಿಟ್ಟರು. ಅಕ್ಕನನ್ನು ಕೇಳಿ ಗೊಬ್ಬರ ಹಾಕುತ್ತಿದ್ದ ಅಕ್ಕಪಕ್ಕದ ಹನ್ನೆರಡು ಮನೆಯವರು ಈಗ ಅವಳನ್ನು ಕೇಳುವುದಿಲ್ಲ. ಗೊಬ್ಬರದ ಅಂಗಡಿಯವನು ಹತ್ತು ಜನರೆದುರು, "ಯಾವ ಚೀಲ ಯಾವ ಹೊಲಕ್ಕೆ ಅಂತ ಬರೆದು ಕೊಡ್ಲಾ ಅಕ್ಕಾ?" ಎಂದು ನಕ್ಕ. ಅಂದಿನಿಂದ ಅವಳು ಆ ಬೀದಿಗೇ ಹೋಗಿಲ್ಲ.

ಹಾಗೆಂದು ಅಳುತ್ತಲೂ ಕೂತಿಲ್ಲ. ಈ ಸಲ ಬಸ್ಸು ಓಡಾಡುವ ರಸ್ತೆಯ ಬದಿಯಲ್ಲೇ ಅವೇ ನಾಲ್ಕು ತಾಕು ಬಿತ್ತಿದ್ದೇವೆ, ಒಂದೊಂದಕ್ಕೂ ಫಲಕ ನೆಟ್ಟಿದ್ದೇವೆ. ಬಿಳಿ ಗೆರೆ ಬಿದ್ದ ಎರಡನೆಯದರ ಮುಂದೆ "ನಿರ್ದೇಶಕರ ವರದಿಯಂತೆ ಬೆಳೆದದ್ದು" ಎಂದು ದಪ್ಪಕ್ಷರದಲ್ಲಿ ಬರೆಸಿದ್ದೇವೆ. ನಿಮ್ಮ ಹೆಸರನ್ನೂ ಹಾಕಿಸುವ ಆಸೆ ನನಗಿತ್ತು. ಅಕ್ಕ ಒಪ್ಪಲಿಲ್ಲ: "ಹೆಸರು ಬೇಡ ಕಣೋ. ನಾಳೆ ವರ್ಗ ಆಗಿ ಹೋಗ್ತಾರೆ. ಹುದ್ದೆ ಹಾಕು, ಆ ಕುರ್ಚೀಲಿ ಕೂರೋರೆಲ್ಲ ಓದ್ಲಿ." ಬಸ್ಸಿನ ಚಾಲಕರು ಅಲ್ಲಿ ವೇಗ ಇಳಿಸುತ್ತಾರೆ. ಪ್ರಯಾಣಿಕರು ಬಿಳಿಚಿಕೊಂಡ ಆ ಪೈರಿಗೆ ಸಾಹೇಬರ ಜೋಳ ಎಂದು ಹೆಸರಿಟ್ಟಿದ್ದಾರೆ. ಕೇಳಿದಾಗಲೆಲ್ಲ ನನಗೆ ಹೊಟ್ಟೆ ತಣ್ಣಗಾಗುತ್ತದೆ, ಸುಳ್ಳೇಕೆ ಹೇಳಲಿ.

ಮುಂದಿನ ತಿಂಗಳ ಮೊದಲ ಸೋಮವಾರ ಕಟಾವು. ಬನ್ನಿ. ಎರಡನೇ ತಾಕನ್ನು ನಿಮ್ಮ ಕೈಯಲ್ಲೇ ಕೊಯ್ಯಿರಿ, ಕುಡುಗೋಲು ನಾವು ಕೊಡುತ್ತೇವೆ. ಅದೇ ಅಂಗಡಿಯವನ ತಕ್ಕಡಿಯಲ್ಲಿ, ಆ ಹನ್ನೆರಡು ಮನೆಯವರ ಎದುರು ತೂಗಿ, ತೂಕವನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ. ಬರದಿದ್ದರೆ ನಿಮ್ಮ ಪರವಾಗಿ ನಾನು ಓದುತ್ತೇನೆ, ಧ್ವನಿವರ್ಧಕದಲ್ಲಿ. ಆಮೇಲೆ ಮೂವತ್ತೊಂದನೇ ಪುಟ ತಿದ್ದಿ. ಅಕ್ಕನ ಮೇಲಿನ ವಾಕ್ಯ ಹೊಡೆದುಹಾಕಿ ಜಾಗ ಖಾಲಿ ಬಿಟ್ಟರೆ ಸಾಲದು. ಪ್ರಯೋಗ ಕೆಡಿಸಿದ್ದು ನಿರ್ದೇಶಕರ ಆದೇಶ ಎಂದು ಅಲ್ಲೇ ಬರೆಯಬೇಕು. ಸಿಂಪಡಿಸಿದ್ದು ನಾನೆಂದೂ ಬರೆಯಿರಿ. ವಿಚಾರಣೆಗೆ ಕರೆದರೆ ನಿಮ್ಮ ಪಕ್ಕದ ಕುರ್ಚಿಯಲ್ಲೇ ಕೂರುತ್ತೇನೆ, ಒಬ್ಬರೇ ಹೋಗಲು ಬಿಡುವುದಿಲ್ಲ.

ಇಂತಿ,
ಅಂದು ಅಕ್ಕನ ಮಾತು ಬಿಟ್ಟು ನಿಮ್ಮ ಮಾತು ಕೇಳಿದ,
ನಿಮ್ಮ ಮಾಜಿ ಕ್ಷೇತ್ರ ಸಹಾಯಕ