ಸಾವಿರದ ಕಂತಿಗೆ ಮೊದಲು

ಮಾರ್ಚ್ ೧೨, ಮಂಗಳವಾರ

ಅಕ್ಕನಿಗೆ,

ನಿನ್ನ ಪಿಟೀಲು ಬರೆಯುತ್ತಿದ್ದಾಳೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ನನ್ನ ಮಾತು ತಡೆಯಲಾರದೆ ನೀನಿಟ್ಟ ಹೆಸರು ಅದು. ಈಗ ಹಾಗೆ ಕರೆಯುವವರು ಯಾರೂ ಉಳಿದಿಲ್ಲ, ಎಲ್ಲರಿಗೂ ನಾನು ಮೇಡಂ. ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಅಂದಿನಿಂದ ಅದು ನನ್ನ ಕೈಚೀಲದಲ್ಲೇ ಓಡಾಡುತ್ತಿದೆ. ಕೆಲಸ ಜಾಸ್ತಿಯಿತ್ತು ಎಂದು ಬರೆದರೆ ನೀನು ನಂಬಿಬಿಡುತ್ತೀ, ಅದಕ್ಕೇ ಹಾಗೆ ಬರೆಯುವುದಿಲ್ಲ. ಬಿಡುವಿತ್ತು. ಪೆನ್ನು ಹಿಡಿದರೆ ಕೈ ಓಡುತ್ತಿರಲಿಲ್ಲ, ಅಷ್ಟೇ. ಕ್ಷಮಿಸು.

ಮಂಡಿನೋವು ಹೇಗಿದೆ? ಮಗಳಿಗೆ ಎರಡನೆಯ ಹೆರಿಗೆ ಸುಸೂತ್ರವಾಯಿತು ಎಂದು ಓದಿ ಸಂತೋಷವಾಯಿತು. ಅಂಗೈಯಷ್ಟಿದ್ದ ಹುಡುಗಿ, ನಾವು ಹಿಟ್ಟು ನಾದುವಾಗ ಮೇಜಿನ ಕೆಳಗೆ ಮಲಗಿರುತ್ತಿದ್ದಳು. ಈಗ ಎರಡು ಮಕ್ಕಳ ತಾಯಿ.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನನ್ನೊಬ್ಬಳನ್ನು ಬಿಟ್ಟು. ಒಂದು ಕಡೆ ಕೂರಲಾಗುತ್ತಿಲ್ಲ. ಒಲೆ ಒರೆಸುತ್ತೇನೆ, ಐದು ನಿಮಿಷಕ್ಕೆ ಮತ್ತೆ ಒರೆಸುತ್ತೇನೆ. ಮೇಲಿನ ಹಲಗೆಯ ಡಬ್ಬಿಗಳನ್ನು ಕೆಳಗಿಡುತ್ತೇನೆ, ಕೆಳಗಿನವನ್ನು ಮೇಲಿಡುತ್ತೇನೆ. ಮೊನ್ನೆ ಇವರು ಪೇಪರಿನಿಂದ ತಲೆಯೆತ್ತಿ, "ಕಾಲಿಗೇನು ಚಕ್ರ ಕಟ್ಕೊಂಡಿದ್ದೀಯಾ? ಇನ್ನು ಸ್ವಲ್ಪ ಹೊತ್ತು ಬಿಟ್ರೆ ನನ್ನ ಕನ್ನಡಕದ ಡಬ್ಬಿಗೂ ಜೀರಿಗೆ ತುಂಬಿಬಿಡ್ತೀಯ" ಅಂದರು. ನಗಬೇಕಾದ ಮಾತು. ನಗು ಬರಲಿಲ್ಲ.

ಮುಂದಿನ ತಿಂಗಳು ನನ್ನ ಕಾರ್ಯಕ್ರಮಕ್ಕೆ ಸಾವಿರ ಕಂತು ತುಂಬುತ್ತದೆ. ನಮ್ಮ ಕಡೆಯ ಅಡುಗೆಯೆಂದರೆ ಮೂಗು ಮುರಿಯುತ್ತಿದ್ದವರೇ ಈಗ ನನ್ನ ಪುಸ್ತಕ ಮುಂದಿಟ್ಟುಕೊಂಡು ಒಗ್ಗರಣೆ ಹಾಕುತ್ತಾರೆ. ಸಾವಿರದ ಕಂತಿಗೆ ಒಂದು ಗಂಟೆಯ ವಿಶೇಷ ಮಾಡಬೇಕೆಂದು ಚಾನೆಲಿನವರ ಆಸೆ. ಹೊಸದಾಗಿ ಬಂದಿರುವ ನಿರ್ದೇಶಕಿ ಹಿಡಿದ ಕೆಲಸ ಬಿಡುವವಳಲ್ಲ. "ಮೇಡಂ, ನಿಮ್ಮ ಜೊತೆ ಆ ಅಡುಗೆಮನೇಲಿ ಕೆಲಸ ಮಾಡಿದೋರು ಒಬ್ಬರು ಬೇಕೇ ಬೇಕು" ಎಂದು ಹಾಸ್ಟೆಲಿನ ಹಳೆಯ ವಾರ್ಡನ್ನರನ್ನು ಹುಡುಕಿ, ಅವರಿಂದ ನಿನ್ನ ಫೋನ್ ನಂಬರ್ ಹಿಡಿದಳು. ಮುಂದಿನದು ನಿನಗೇ ಗೊತ್ತು.

ನೀನು ಎಷ್ಟು ಸಂಭ್ರಮದಿಂದ ಬರೆದಿದ್ದೀಯೆ. "ಹಸಿರು ಸೀರೆ ಕ್ಯಾಮೆರಾಕ್ಕೆ ಆಗುತ್ತೇನೇ? ಟೀವಿಯವರು ನಿನ್ನ ಹುಡುಕ್ಕೊಂಡು ಬಂದ ಹೊತ್ತಲ್ಲಿ ನಾನು ಇರಲೇ ಇಲ್ಲವಲ್ಲ, ಏನಂತ ಹೇಳಲಿ? ನಿನಗೆ ಮುಜುಗರ ಆಗೋ ಮಾತು ನನ್ನ ಬಾಯಿಂದ ಬರಬಾರದು. ನೀನೇ ಬರೆದು ಕಳಿಸು, ಬಾಯಿಪಾಠ ಮಾಡ್ತೀನಿ." ಈ ನಾಲ್ಕು ಸಾಲು ಎಷ್ಟು ಸಲ ಓದಿದೆನೋ.

ಓದಿ ಏನು ಮಾಡಿದೆ ಗೊತ್ತೇ? ನಿರ್ದೇಶಕಿಗೆ ಫೋನ್ ಮಾಡಿ, "ಅಕ್ಕನ ಮಂಡಿ ತುಂಬಾ ಕೆಟ್ಟಿದೆ, ಅಷ್ಟು ದೂರ ಪ್ರಯಾಣ ಆಗಲ್ಲ, ಮತ್ತೆ ಕರೆದು ತೊಂದರೆ ಕೊಡಬೇಡಿ" ಅಂದೆ. ಅವಳು ಪಾಪ, "ಅಯ್ಯೋ ಹೌದಾ" ಅಂದು ಫೋನಿಟ್ಟಳು. ಅವಳಿಂದ ಮತ್ತೆ ಫೋನ್ ಬರಲಿಲ್ಲವಲ್ಲ ಎಂದು ನೀನು ಕಾಯುತ್ತಿದ್ದರೆ, ಕಾರಣ ನಾನು.

ಹೋದ ಗುರುವಾರ ಆ ವಿಶೇಷ ಕಂತಿನ ಶೂಟಿಂಗ್ ಇತ್ತು. ನನ್ನ ಟೀವಿ ಅಡುಗೆಮನೆ ನೀನು ನೋಡಿಲ್ಲ. ನಲ್ಲಿ ಇದೆ, ನೀರಿಲ್ಲ. ತೊಟ್ಟಿಯ ಕೆಳಗೆ ಬಕೆಟ್ಟು. ಕಿಟಕಿಯಾಚೆಯ ಮರ ಬರೀ ಚಿತ್ರ. ಒಂದೇ ಅಡುಗೆ ಮೂರು ಪಾತ್ರೆಯಲ್ಲಿರುತ್ತದೆ, ಹಸಿಯದೊಂದು, ಅರೆ ಬೆಂದದ್ದೊಂದು, ಪೂರ್ತಿ ಆದದ್ದೊಂದು. ನಾನು ಸೌಟು ಆಡಿಸಿ ಮಾತಾಡುತ್ತಿದ್ದರೆ ಸಾಕು, ಉಳಿದದ್ದನ್ನು ಅವರು ಕತ್ತರಿಸಿ ಜೋಡಿಸುತ್ತಾರೆ. ಅಂದು ಈರುಳ್ಳಿ ಬಾಡಿಸುತ್ತ ಆ ಹಳೆಯ ಕಥೆ ಹೇಳಬೇಕಿತ್ತು. ನೂರು ಸಂದರ್ಶನಗಳಲ್ಲಿ ಹೇಳಿದ್ದೇ. ನರ್ಸುಗಳ ಹಾಸ್ಟೆಲು, ಅಲ್ಲಿದ್ದ ತಮ್ಮ ತಂಗಿಯನ್ನು ನೋಡಲು ಬಂದ ಟೀವಿಯವರೊಬ್ಬರು, ತಟ್ಟೆಯಲ್ಲಿ ಬದನೆಕಾಯಿ. "ಅವರು ಕೈಯನ್ನೂ ತೊಳೀದೆ ಎದ್ದು ಅಡುಗೆಮನೆ ಬಾಗಿಲಿಗೆ ಬಂದ್ರು" ಎನ್ನುವವರೆಗೆ ಹೇಳಿದೆ. ಮುಂದಿನ ಮಾತು ಬಾಯಿಗೆ ಬರಲಿಲ್ಲ.

"ಮೇಡಂ, ಮುಂದೆ?" ಅಂದಳು ನಿರ್ದೇಶಕಿ. ಈರುಳ್ಳಿ ಕೆಂಪಾಯಿತು, ಕಪ್ಪಾಯಿತು. ನೀನಿದ್ದಿದ್ದರೆ ನನ್ನ ಕೈಗೊಂದು ಏಟು ಕೊಟ್ಟು ಸೌಟು ಕಿತ್ತುಕೊಳ್ಳುತ್ತಿದ್ದೆ. ಒಲೆ ಆರಿಸಿ, ಯಾರಿಗೂ ಹೇಳದೆ ಮೇಕಪ್ ಕೋಣೆಗೆ ಹೋಗಿ ಕೂತೆ. ಇಪ್ಪತ್ತಮೂರು ವರ್ಷದಲ್ಲಿ ಒಂದು ದಿನವೂ ಹಾಗೆ ಎದ್ದುಹೋದವಳಲ್ಲ.

ಅವಳು ಹಿಂದೆಯೇ ಬಂದು ಎದುರಿನ ಸ್ಟೂಲಿನ ಮೇಲೆ ಕೂತಳು.

"ಹುಷಾರಿಲ್ವಾ ಮೇಡಂ?"

"ಹುಷಾರಾಗಿದ್ದೀನಿ. ಅಕ್ಕನ ಮಂಡಿ ಅಷ್ಟೇನೂ ಕೆಟ್ಟಿಲ್ಲ. ನಾನು ಸುಳ್ಳು ಹೇಳಿದೆ. ಅವರನ್ನ ಕರೆಸಿ."

ಅವಳು ನನ್ನ ಮುಖವನ್ನೇ ನೋಡಿದಳು. ಯಾಕೆ ಎಂದು ಕೇಳಿದ್ದರೆ ಅಲ್ಲೇ ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. "ಆಗಲಿ" ಎಂದಷ್ಟೇ ಹೇಳಿ ಎದ್ದುಹೋದಳು.

ಇದರ ಜೊತೆ ರೈಲಿನ ಟಿಕೆಟ್ ಇಟ್ಟಿದ್ದೇನೆ, ಕೆಳಗಿನ ಬರ್ತೇ ಸಿಕ್ಕಿದೆ. ಸ್ಟೇಷನ್ನಿಗೆ ಇವರು ಬರುತ್ತಾರೆ. ಹಸಿರು ಸೀರೆ ಚೆನ್ನಾಗಿಯೇ ಕಾಣುತ್ತದೆ. ಮಗಳಿಗೂ ಮೊಮ್ಮಕ್ಕಳಿಬ್ಬರಿಗೂ ನನ್ನ ಆಶೀರ್ವಾದ, ನೂರು ಕಾಲ ಸುಖವಾಗಿರಲಿ. ನೀನು ದೊಡ್ಡವಳು, ನನ್ನನ್ನು ಹರಸು ಎಂದು ಕೇಳಬೇಕು. ಈ ಸಲ ಕೇಳಲು ಬಾಯಿಲ್ಲ.

ಇಂತಿ ನಿನ್ನ,
ಪಿಟೀಲು

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಏನಂತ ಹೇಳಲಿ ಎಂದು ಕೇಳಿದ್ದೆಯಲ್ಲ, ಅದಕ್ಕೆ ಉತ್ತರವನ್ನೇ ಬರೆದಿರಲಿಲ್ಲ. ಆ ಬದನೆಕಾಯಿ ಮಾಡಿದವಳು ನೀನು. ಬೆಳಿಗ್ಗೆ ಮಾಡಿಟ್ಟು, ಮಗಳ ಜ್ವರಕ್ಕೆ ಔಷಧಿ ತರಲು ಹೋಗಿದ್ದೆ. ಆ ಟೀವಿಯವರು ನನ್ನನ್ನು ಹುಡುಕಿಕೊಂಡು ಬಂದಿರಲಿಲ್ಲ. ಅವರ ತಂಗಿ ಹೇಳಿ ಕಳಿಸಿದ್ದರು, ಬಾಗಿಲಲ್ಲಿ ನಿಂತು ಅವರು ಕೇಳಿದ್ದು, "ಎತ್ತರದ ಅಕ್ಕ ಒಬ್ಬರಿದ್ದಾರಂತೆ, ಎಲ್ಲಿ?" ಎಂದು. "ಅವರು ಇವತ್ತೇ ಕೆಲಸ ಬಿಟ್ಟು ಹೋದ್ರು" ಅಂದೆ. ಯೋಚಿಸಿ ಆಡಿದ ಮಾತಲ್ಲ, ಆದರೆ ಆಡಿದ ಮೇಲೆ ತಿದ್ದಲಿಲ್ಲ. ಅವರು, "ಹಾಗಾದ್ರೆ ನಿಮಗೆ ಬರುತ್ತಾ ಇದು?" ಅಂದರು. ಬರುತ್ತದೆ ಅಂದೆ. ಒಂದು ಗಂಟೆ ಕಳೆದು ನೀನು ಬಂದೆ. ನನ್ನನ್ನು ಟೀವಿಗೆ ಕರೆದಿದ್ದಾರೆ ಎಂದ ಕೂಡಲೇ ಔಷಧಿ ಬಾಟಲಿ ಕೆಳಗಿಟ್ಟು, ನನ್ನನ್ನು ತಬ್ಬಿಕೊಂಡು, ಡಬ್ಬಿಯಿಂದ ಸಕ್ಕರೆ ತೆಗೆದು ಬಾಯಿಗೆ ಹಾಕಿದೆ. ಆಮೇಲೆ ಹನ್ನೊಂದು ವರ್ಷ ನೀನು ಅದೇ ಒಲೆಯ ಮುಂದೆ ನಿಂತೆ.

ಇದನ್ನು ಓದಿದ ಮೇಲೆ ನೀನು ಬರದಿದ್ದರೂ ಕ್ಯಾಮೆರಾದ ಮುಂದೆ ನಾನು ಇದನ್ನೇ ಹೇಳುತ್ತೇನೆ, ಇಪ್ಪತ್ತೆಂಟನೇ ತಾರೀಖು ಮತ್ತೆ ಶೂಟಿಂಗ್. ನೀನು ಮಾತ್ರ ಇದನ್ನು ಟೀವಿಯಲ್ಲಿ ನೋಡಿ ತಿಳಿಯಬಾರದು, ಅಕ್ಕ.