ಗಾಜಿನ ಹಿಂದಿನ ಕುರ್ಚಿ

ಮನೆ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ನಿದ್ದೆ ಸರಿಯಾಗಿ ಬರುತ್ತಿದೆಯಾ? ಮಾತ್ರೆಯಿಂದ ಬಾಯಿ ಒಣಗುತ್ತದೆ ಎನ್ನುತ್ತಿದ್ದೆ, ಕಡಿಮೆಯಾಯಿತೇ? ನಮ್ಮನೆಯಲ್ಲಿ ಒಣಗದ ಬಾಯಿಯೆಂದರೆ ನನ್ನದೊಂದೇ, ಅದು ನಿನಗೆ ಗೊತ್ತು. ನೀನು ಆಸ್ಪತ್ರೆಯಿಂದ ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದ ಸುದ್ದಿಯನ್ನು ಅಪ್ಪ ನಿನ್ನ ಪತ್ರ ಹಿಡಿದು ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಓದಿ ಹೇಳಿದರು. ಅದರ ಮುಂದಿನ ಸಾಲು ಬಂದಾಗ ಮಾತ್ರ ಕನ್ನಡಕ ಒರೆಸುತ್ತಾ ಕೂತುಬಿಟ್ಟರು. "ಮಗುವಿಗೆ ಗೊತ್ತಾಗದ ಹಾಗೆ ಒಂದ್ಸಲ ನೋಡಿ ಹೋಗ್ತೀನಿ, ನಿಮ್ಮ ಆ ಗಾಜಿನ ಹಿಂದೆ ನನಗೊಂದು ಕುರ್ಚಿ ಹಾಕು" ಎಂದು ಬರೆದಿದ್ದೆಯಲ್ಲ, ಆ ಸಾಲು.

ಕುರ್ಚಿ ಹಾಕುವುದೇನು ದೊಡ್ಡ ಮಾತಲ್ಲ. ಅಲ್ಲಿ ಯಾವಾಗಲೂ ಎರಡು ಇರುತ್ತವೆ, ಒಂದು ಖಾಲಿಯೇ. ಮಕ್ಕಳು ಬೆಳೆಯುವ ಬಗೆಯನ್ನು ಅಧ್ಯಯನ ಮಾಡುವ ಕಚೇರಿ ಎಂದು ಬೋರ್ಡಿದೆ. ಕತ್ತಲ ಕೋಣೆಯಲ್ಲಿ ಕೂತು ಕೂತು ಬೆಳೆದದ್ದು ನನ್ನ ಸೊಂಟ ಮಾತ್ರ. ಗಾಜಿನ ಆಚೆ ಬೆಳಕಿನ ಕೋಣೆ, ಚಾಪೆ, ಆಟದ ಸಾಮಾನು, ಒಬ್ಬ ತಾಯಿ, ಒಂದು ಮಗು. ನಮಗೆ ಅವರು ಕಾಣುತ್ತಾರೆ. ಅವರಿಗೆ ಅದು ಗೋಡೆಯಗಲದ ಕನ್ನಡಿ. ತಾಯಿ ಸ್ವಲ್ಪ ಹೊತ್ತು ಎದ್ದು ಹೋಗಬೇಕು, ಮತ್ತೆ ಬರಬೇಕು. ಆಗ ಮಗು ಏನು ಮಾಡಿತೆಂದು ನಾವು ಗುರುತು ಹಾಕಿಕೊಳ್ಳುತ್ತೇವೆ. ಹೋಗುವಾಗ ಅತ್ತದ್ದಕ್ಕಿಂತ, ಬಂದಾಗ ಏನು ಮಾಡಿತು ಎನ್ನುವುದೇ ಮುಖ್ಯ ಎನ್ನುತ್ತಾರೆ ನಮ್ಮ ಪ್ರೊಫೆಸರು.

ಕಳೆದ ವಾರ ಒಬ್ಬ ತಾಯಿ ಕೈಕೊಟ್ಟಳು. ಪ್ರೊಫೆಸರು ನನ್ನನ್ನು ನೋಡಿ, "ನಿಮ್ಮನೇಲೇ ಒಂದು ಮಗು ಇದೆಯಲ್ಲಮ್ಮಾ, ಕರ್ಕೊಂಡು ಬಾ" ಎಂದರು. ನಾನು ಹೆತ್ತವಳಲ್ಲ ಸಾರ್ ಎಂದೆ. "ಸಾಕಿದವಳಾದರೆ ಸಾಕು" ಎಂದರು. ಅವರಿಗೆ ಅದು ಹಾಸ್ಯವೆಂದು ಗೊತ್ತಾಗಲಿಲ್ಲ. ನನಗೆ ನಗು ಬರಲಿಲ್ಲ. ಹೀಗೆ ನೋಡುವವಳು ಹೋಗಿ ನೋಡಿಸಿಕೊಳ್ಳುವವಳಾದೆ.

ನಿನ್ನ ಮಗಳು ಚಿನಕುರುಳಿ ಗುಂಡುಕಲ್ಲಿನ ಹಾಗಿದ್ದಾಳೆ, ದೃಷ್ಟಿ ಹಾಕಬೇಡ. ಚಿಕ್ಕಮ್ಮ ಎಂದು ಹೇಳಿಕೊಟ್ಟರೆ "ಚಿಕ್ಕಾ" ಎನ್ನುತ್ತಾಳೆ, ಉಳಿದರ್ಧವನ್ನು ಯಾರಿಗೋ ಎತ್ತಿಟ್ಟ ಹಾಗೆ. ಅವತ್ತು ನಾನು ಎದ್ದು ಬಾಗಿಲು ಹಾಕಿಕೊಂಡು, ಓಡಿ ಬಂದು ಗಾಜಿನ ಹಿಂದೆ ಕೂತೆ. ಪಕ್ಕದಲ್ಲಿ ಗುರುತು ಹಾಕಲು ನಮ್ಮ ಗಡಿಯಾರ ನಿಂತಿದ್ದ. ಕೈಯಲ್ಲಿ ಸದಾ ಸ್ಟಾಪ್‌ವಾಚ್ ಹಿಡಿದಿರುವುದರಿಂದ ಅವನಿಗೆ ಆ ಹೆಸರು. ಕೂತರೆ ಸಮಯ ನಿಂತುಹೋಗುತ್ತದೋ ಏನೋ, ಕೂರುವುದೇ ಇಲ್ಲ. ಇನ್ನೊಂದು ಕುರ್ಚಿ ಖಾಲಿ.

ಅವಳು ಅಳಲಿಲ್ಲ ಅಕ್ಕಾ. ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ಗೊಂಬೆ ಕೆಳಗಿಟ್ಟು, ತಟ್ಟಾಡುತ್ತಾ ನೇರ ಕನ್ನಡಿಯ ಹತ್ತಿರ ಬಂದಳು. ಎರಡೂ ಅಂಗೈ ಊರಿ, ಮೂಗು ಚಪ್ಪಟೆಯಾಗುವಂತೆ ಗಾಜಿಗೊತ್ತಿ, "ಅಮ್ಮಾ" ಎಂದಳು. ನನ್ನೆದುರಿಗಲ್ಲ. ಖಾಲಿ ಕುರ್ಚಿಯ ಎದುರಿಗೆ.

ಅಪ್ಪ ನಿನ್ನ ಫೋಟೋವನ್ನು ಮನೆಯ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ, ದಿನಾ ಬೆಳಿಗ್ಗೆ ಅವಳನ್ನೆತ್ತಿಕೊಂಡು "ಅಮ್ಮ ಎಲ್ಲಿ? ಅಗೋ!" ಎಂದು ತೋರಿಸುತ್ತಾರೆ. ಕಾರಣ ಅಷ್ಟೇ, ನನಗೆ ಗೊತ್ತು, ಇದೇ ನನ್ನ ಓದು. ಆದರೂ ಆ ಕುರ್ಚಿಯ ಕಡೆ ತಿರುಗಲು ನನ್ನ ಕತ್ತು ಒಪ್ಪಲಿಲ್ಲ.

ನಾನು ಒಳಗೆ ಹೋದಾಗ ಅವಳು ತೋಳು ಚಾಚಲಿಲ್ಲ. ನನ್ನ ಬೆರಳು ಹಿಡಿದು ಕನ್ನಡಿಗೆ ಎಳೆದೊಯ್ದಳು. ಅದರಲ್ಲಿ ನಾನು, ಅವಳು, ಹಿಂದೆ ಮುಚ್ಚಿದ ಬಾಗಿಲು. ಅವಳು ನಮ್ಮಿಬ್ಬರನ್ನೂ ದಾಟಿ ಇನ್ನೆಲ್ಲಿಗೋ ಕೈ ಬೀಸುತ್ತಿದ್ದಳು. ಹೊರಗೆ ಬಂದರೆ ಗಡಿಯಾರ "ತಾಯಿಯನ್ನು ಹುಡುಕಲಿಲ್ಲ" ಎಂದು ಗುರುತು ಹಾಕಿದ್ದ. ಬಾಗಿಲಿಗೆ ಹೋದರೆ ಮಾತ್ರ ಹುಡುಕಿದ ಲೆಕ್ಕವಂತೆ. ಹುಡುಕಿದಳಲ್ಲೋ ಮಾರಾಯ ಎಂದೆ. "ಕನ್ನಡಿ ನೋಡ್ಕೊಳ್ಳೋದು ಆಟದ ಕೆಳಗೆ ಬರುತ್ತೆ ಮೇಡಂ" ಎಂದ. ಅವನ ತಪ್ಪಲ್ಲ. ಅಮ್ಮ ಬಾಗಿಲಿಂದಲೇ ಬರುತ್ತಾಳೆ ಎಂದು ನಂಬಿ ಮಾಡಿದ ವಿಧಾನ ಅದು.

ಕಾಯಿಲೆ ಶುರುವಾದಾಗ "ನನ್ನ ಕೈಗೆ ಕೊಡಬೇಡ, ಬೀಳಿಸಿಬಿಡ್ತೀನಿ" ಎಂದು ನೀನು ಗೋಡೆಗೊರಗಿ ನಡುಗುತ್ತಿದ್ದುದು ನನಗೆ ನೆನಪಿದೆ. ಈಗ ಎತ್ತಿಕೊಳ್ಳಬೇಕಿಲ್ಲ. ಅವಳೇ ಹತ್ತುತ್ತಾಳೆ, ನೀನು ಮರದ ಹಾಗೆ ನಿಂತರೆ ಸಾಕು. ನೀನು ಬಂದರೆ ಅವಳು ನನ್ನನ್ನು ಮರೆತಾಳೆಂದು ನನಗಾಗಿ ಹೆದರಿದ್ದೀಯಲ್ಲ, ಮರೆಯಲಿ ಬಿಡು. ನನಗೆ "ಚಿಕ್ಕಾ" ಸಾಕು.

ಅಪ್ಪನ ಆಶೀರ್ವಾದ. ಚಿನಕುರುಳಿಯ ಜೊಲ್ಲು ಮೇಲಿನ ಮೂಲೆಯಲ್ಲಿದೆ, ಶಾಯಿ ಹರಡಿದ್ದು ಅದರಿಂದಲೇ.

ನಿನ್ನ,
ತಂಗಿ

ತಾ.ಕ.: ಲಕೋಟೆಯಲ್ಲಿ ನಿನ್ನ ಫೋಟೋ ಇದೆ. ಈಗಷ್ಟೇ ಕನ್ನಡಿಯಿಂದ ಕಿತ್ತೆ, ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಗಾಜಿನ ಹಿಂದೆ ನಿನಗೆ ಕುರ್ಚಿ ಹಾಕುವುದಿಲ್ಲ ಅಕ್ಕಾ. ಅಲ್ಲಿ ನೀನು ಆಗಲೇ ಬೇಕಾದಷ್ಟು ದಿನ ಕೂತಿದ್ದೀಯ. ಬಾಗಿಲಿಂದ ಬಾ. ಅವಳು ಇಲ್ಲಿ ಮನೆಯ ಕನ್ನಡಿಯ ಹಿಂದೆ ಕೈ ಹಾಕಿ ನಿನಗಾಗಿ ತಡಕಾಡುತ್ತಿದ್ದಾಳೆ, ಬೇಗ ಬಾ.